ಮೇಲ್ಹಲ್ಲು ಇಲ್ಲದ ಜಾತ್ರೆ

ದನಗಳ ಜಾತ್ರೆಯ ಬಗ್ಗೆ ನಮ್ಮಲ್ಲಿ ತಜ್ಞರ ಕೊರತೆ ಬಹಳವಾಗಿದೆ. ಎತ್ತು ಸಾಕಿದವರು ಇದ್ದಾರೆ, ಕೊಂಡವರು ಇದ್ದಾರೆ, ಮಾರಿದವರು ಇದ್ದಾರೆ, ಒದೆಸಿಕೊಂಡವರೂ ಬೇಕಾದಷ್ಟಿದ್ದಾರೆ. ಆದರೆ ಇವರೆಲ್ಲ ಅನುಭವಸ್ಥರೇ ಹೊರತು ತಜ್ಞರಲ್ಲ. ಅನುಭವಸ್ಥನಿಗೆ ತನ್ನ ಕೊಟ್ಟಿಗೆಯ ಎತ್ತು ಗೊತ್ತಿರುತ್ತದೆ. ತಜ್ಞನಿಗೆ ಒಟ್ಟಾರೆ ಎತ್ತು ಗೊತ್ತಿರುತ್ತದೆ. ಈ ಕೊರತೆ ನೀಗಿಸಲೆಂದೇ ನಾನು ಪುಷ್ಯಮಾಸದ ಒಂದು ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದೆ. ಈ ವರದಿಯನ್ನು ಯಾರೂ ಕೇಳಿಲ್ಲ. ಕೇಳಿದ ಮೇಲೆ ಕೊಡುವುದು ಗುಮಾಸ್ತರ ಲಕ್ಷಣ.

ಮೊದಲ ಆಕ್ಷೇಪಣೆ ಕಾಲದ ಬಗ್ಗೆ. ಘಾಟಿಯ ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಯಂದು. ಅದಕ್ಕೂ ಮುಂಚೆಯೇ ದನಗಳು ಬಂದು ನೆರೆಯುತ್ತವೆ. ಅಂದರೆ ಡಿಸೆಂಬರ್, ಜನವರಿಯ ಕೊರೆಯುವ ಚಳಿ. ಮಾಕಳಿದುರ್ಗದ ಕಡೆಯಿಂದ ಬೀಸುವ ಗಾಳಿಗೆ ನನ್ನ ಪೆನ್ನೇ ಬರೆಯಲಿಲ್ಲ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಇರುತ್ತದಲ್ಲ, ಆಗ ಇಟ್ಟುಕೊಳ್ಳಬಾರದೇ ಎಂದು ಬೆಂಕಿ ಕಾಯಿಸುತ್ತಿದ್ದ ಯಜಮಾನರೊಬ್ಬರನ್ನು ಕೇಳಿದೆ. ಈಗ ರಾಗಿ ಒಕ್ಕಣೆ ಮುಗಿದಿದೆ, ಬಣವೆಯಲ್ಲಿ ಹುಲ್ಲಿದೆ, ಕೈಯಲ್ಲಿ ನಾಲ್ಕು ಕಾಸಿದೆ, ಹೊಸ ಜೋಡಿಯನ್ನು ಮುಂಗಾರಿನ ಹೊತ್ತಿಗೆ ಪಳಗಿಸಲು ಪುರಸೊತ್ತಿದೆ ಎಂದರು. ಇವೆಲ್ಲ ಬರೀ ರೈತರ ಅನುಕೂಲಗಳು. ಪ್ರೇಕ್ಷಕರ ದೃಷ್ಟಿಯಿಂದ ಯಾರೂ ಯೋಚಿಸಿದಂತೆ ಕಾಣಲಿಲ್ಲ. ಇನ್ನೂ ಶೋಚನೀಯವೆಂದರೆ ಈ ತಪ್ಪು ಸಾಂಕ್ರಾಮಿಕವಾಗಿದೆ: ಚುಂಚನಕಟ್ಟೆ, ಹೇಮಗಿರಿ, ಮುಡುಕುತೊರೆ, ಶಿವರಾತ್ರಿಗೆ ಸಿದ್ಧಗಂಗೆ, ಎಲ್ಲ ದನಗಳ ಜಾತ್ರೆಗಳೂ ಸುಗ್ಗಿ ಕಳೆದ ಮೇಲೆಯೇ ಸಾಲಾಗಿ ಬರುತ್ತವೆ.

ಸಾರಿಗೆ ವ್ಯವಸ್ಥೆಯನ್ನೂ ಗಮನಿಸಿದೆ. ಇಲ್ಲಿಗೆ ಬರುವ ಹಳ್ಳಿಕಾರ್ ತಳಿಯ ಹೆಗ್ಗಳಿಕೆಯೇ ನಡಿಗೆ. ಇದರ ರಕ್ತಸಂಬಂಧಿಯಾದ ಅಮೃತಮಹಲ್ ತಳಿಯನ್ನು ಮೈಸೂರಿನ ಅರಸರು ಬೆಣ್ಣೆ ಚಾವಡಿ ಎಂಬ ಇಲಾಖೆ ಕಟ್ಟಿ ಸಾಕಿದರು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹೈದರಾಲಿ ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ಸಾಗಿಸಿದ್ದು ಈ ಎತ್ತುಗಳ ಕಾಲಿನ ಬಲದಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. ಅಂಥ ವಂಶದ ಎತ್ತುಗಳು ನಾನು ಹೋದ ದಿನ ಮಾಗಡಿ ಕಡೆಯಿಂದ ಕ್ಯಾಂಟರ್‌ನಲ್ಲಿ ನಿಂತುಕೊಂಡು ಬಂದು, ನೆಲಮಂಗಲದ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಮೆಲುಕು ಹಾಕಿ, ಸಂಜೆಗೆ ಇಳಿದವು. ಇಳಿದ ಮೇಲೆ ಅವುಗಳನ್ನು ತಮಟೆ, ಬ್ಯಾಂಡ್‌ಸೆಟ್ಟಿನ ಜತೆ ಚಪ್ಪರದವರೆಗೆ ಮೆರವಣಿಗೆಯಲ್ಲಿ ನಡೆಸಿದರು. ಕೂಗಳತೆಯ ಆ ದೂರವನ್ನು ಎತ್ತುಗಳು ಯಾವ ತಕರಾರೂ ಇಲ್ಲದೆ ಕ್ರಮಿಸಿದ್ದನ್ನು ನಾನು ಖುದ್ದಾಗಿ ದೃಢಪಡಿಸುತ್ತೇನೆ.

ಚಪ್ಪರಗಳ ವಿಷಯದಲ್ಲಿ ಪ್ರಗತಿ ತೃಪ್ತಿಕರ. ಹಿಂದೆ ತೆಂಗಿನ ಗರಿ, ಹೊಂಗೆ ಸೊಪ್ಪು ಇದ್ದಿರಬೇಕು. ಈಗ ಶಾಮಿಯಾನ, ಸೀರಿಯಲ್ ಲೈಟು, ಕಾಲಿಗೆ ಮೆತ್ತನೆ ಹುಲ್ಲು, ಕೆಲವು ಕಡೆ ಫ್ಯಾನು. ಮುಂದೆ ಆಳೆತ್ತರದ ಫ್ಲೆಕ್ಸ್. ಫ್ಲೆಕ್ಸ್‌ನಲ್ಲಿ ಮಾಲೀಕರು, ಅವರ ಅಣ್ಣತಮ್ಮಂದಿರು, ಹಾಲಿ ಸದಸ್ಯರು, ಮಾಜಿ ಸದಸ್ಯರು, ಮುಂದೆ ಸದಸ್ಯರಾಗುವವರು ಎಲ್ಲರೂ ಕೈಮುಗಿದು ನಿಂತಿದ್ದರು. ಕೆಳಗೆ ಬಲಮೂಲೆಯಲ್ಲಿ ಎರಡು ಕೊಂಬು ಕಾಣುತ್ತಿದ್ದವು. ಜೋಡಿಗೆ ಹಾಲು, ಬೆಣ್ಣೆ, ಹುರುಳಿ ನುಚ್ಚು. ಮಾಲೀಕರಿಗೆ ಮುದ್ದೆ, ಸೊಪ್ಪಿನ ಸಾರು. ಇದರಲ್ಲಿ ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬುದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಈ ವರದಿಯ ಮುಖ್ಯ ಶೋಧನೆಗೆ ಬರುತ್ತೇನೆ.

ದನದ ವಯಸ್ಸು ಅದರ ಬಾಯಲ್ಲಿದೆ. ಸರ್ಕಾರ ಈಗ ಪ್ರತಿ ರಾಸಿನ ಕಿವಿಗೂ 12 ಅಂಕಿಯ ಹಳದಿ ಓಲೆ ಹಾಕಿಸಿದ್ದರೂ ಕೊಳ್ಳುವವರು ಕಿವಿ ನೋಡುವುದಿಲ್ಲ, ಬಾಯಿ ಬಿಡಿಸುತ್ತಾರೆ. ಕೆಳದವಡೆಯ ಮುಂಭಾಗದ ಎಂಟು ಹಾಲುಹಲ್ಲುಗಳು ಜೋಡಿಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುತ್ತವೆ. ಸುಮಾರು ಎರಡು ವರ್ಷಕ್ಕೆ ನಡುವಿನ ಜೋಡಿ, ಆಮೇಲೆ ಒಂದೊಂದೇ ಜೋಡಿಯಾಗಿ ಉಳಿದವು. ನಾಲ್ಕೈದು ವರ್ಷಕ್ಕೆ ಎಂಟೂ ತುಂಬಿದರೆ ಬಾಯಿ ಕೂಡಿತು ಎನ್ನುತ್ತಾರೆ. ಆದ್ದರಿಂದ ಇಲ್ಲಿ ಎರಡಲ್ಲು, ನಾಕಲ್ಲು, ಆರಲ್ಲು ಎಂದರೆ ಅದೇ ಜನ್ಮಪತ್ರಿಕೆ. ಅನುಭವಸ್ಥರು ತುಟಿ ಎತ್ತಿ, ಕೆಳಗೆ ಕಣ್ಣಾಡಿಸಿ, ಕೈ ಒರೆಸಿಕೊಂಡು ಮುಂದೆ ಹೋಗುತ್ತಾರೆ. ತಜ್ಞ ಅಲ್ಲಿಗೇ ನಿಲ್ಲುವಂತಿಲ್ಲ. ನಾನು ಮೇಲ್ದವಡೆಯನ್ನೂ ನೋಡಿದೆ. ಮುಂಭಾಗದಲ್ಲಿ ಒಂದೂ ಹಲ್ಲಿರಲಿಲ್ಲ.

"ಯಜಮಾನ್ರೇ, ಇದಕ್ಕೆ ಮೇಲಿನ ಹಲ್ಲು ಏನಾದವು?"

ಯಜಮಾನರು ನನ್ನ ಬೂಟಿನಿಂದ ಶುರುಮಾಡಿ ಮೇಲಕ್ಕೆ ನೋಡಿದರು. "ಬಂದೇ ಇಲ್ಲ ಸಾಮಿ."

"ಯಾವಾಗ ಬರ್ತವೆ?"

"ಇದ್ರ ಅಪ್ಪಂಗೂ ಬರ್ಲಿಲ್ಲ."

ಆನುವಂಶಿಕ ಸಮಸ್ಯೆ ಎಂದು ಬರೆದುಕೊಂಡು ಪಕ್ಕದ ಚಪ್ಪರಕ್ಕೆ ಹೋದೆ. ಅಲ್ಲಿಯೂ ಅದೇ ಕಥೆ. ಅದರಾಚೆಯ ಸಾಲು, ಮರದಡಿಯ ಸಾಲು, ಆಂಧ್ರದ ಕಡೆಯವರು ಕಟ್ಟಿದ್ದ ಸಾಲು, ಎಲ್ಲಿಯೂ ನನಗೆ ಮೇಲ್ಹಲ್ಲಿರುವ ಒಂದೇ ಒಂದು ಎತ್ತು ಸಿಗಲಿಲ್ಲ. ಲಕ್ಷಗಟ್ಟಲೆ ಬೆಲೆಯ ರಾಸುಗಳು, ಅರ್ಧ ಬಾಯಿ ಖಾಲಿ, ಮಾರುವವರಿಗೆ ಅಳುಕಿಲ್ಲ, ಕೊಳ್ಳುವವರಿಗೆ ಅರಿವಿಲ್ಲ! ಒಬ್ಬ ಹುಡುಗ ಸಮಜಾಯಿಷಿ ಕೊಡಲು ಬಂದ: ದನಕ್ಕೆ ಮೇಲ್ಗಡೆ ಗಟ್ಟಿ ವಸಡಿರುತ್ತದೆ, ನಾಲಿಗೆಯಿಂದ ಹುಲ್ಲು ಸುತ್ತಿ, ಕೆಳಹಲ್ಲನ್ನು ಆ ವಸಡಿಗೆ ಒತ್ತಿ ಕಿತ್ತುಕೊಳ್ಳುತ್ತದೆ, ಲೋಕದ ಯಾವ ದನಕ್ಕೂ ಮುಂದಿನ ಮೇಲ್ಹಲ್ಲು ಇರುವುದಿಲ್ಲ ಎಂದ. ಹಗರಣ ಇಷ್ಟು ವ್ಯಾಪಕವಾಗಿದೆ ಎಂದು ನನಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅಂಚೆ ಇಲಾಖೆ 2000ದಲ್ಲಿ ಹಳ್ಳಿಕಾರ್ ತಳಿಯ ಅಂಚೆಚೀಟಿ ಹೊರತಂದಿತು. ಅದರಲ್ಲಿಯೂ ಎತ್ತು ಬಾಯಿ ತೆರೆದು ತೋರಿಸಿಲ್ಲ. ಓದುಗರು ತಮ್ಮ ತೀರ್ಮಾನಕ್ಕೆ ತಾವೇ ಬರಬಹುದು.

ಸುಳಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಣೆ, ಬೆನ್ನು, ಭುಜಗಳ ಮೇಲೆ ರೋಮ ಸುತ್ತಿಕೊಂಡ ಜಾಗ ನೋಡಿ ಇದು ಒಳ್ಳೆ ಸುಳಿ, ಇದು ಮನೆಗಾಗದ ಸುಳಿ ಎಂದು ಬೆಲೆ ಏರಿಸುತ್ತಾರೆ, ಇಳಿಸುತ್ತಾರೆ. ಮೈಕಟ್ಟು, ಗೊರಸು, ನಡಿಗೆ ಎಲ್ಲ ಸರಿಯಿದ್ದ ಎತ್ತು ಒಂದು ರೂಪಾಯಿ ಅಗಲದ ಕೂದಲಿನಿಂದಾಗಿ ಜಾತ್ರೆಯುದ್ದಕ್ಕೂ ಕಟ್ಟಿದಲ್ಲೇ ಉಳಿಯಬಹುದು. ಇದನ್ನು ಮೂಢನಂಬಿಕೆ ಎಂದು ನನ್ನ ಜೊತೆ ಬಂದಿದ್ದ ಸ್ನೇಹಿತರು ಬೈದರು. ಅವರು ಮಗಳಿಗೆ ಕಳೆದ ವಾರವಷ್ಟೇ ಕುಜದೋಷದ ಕಾರಣಕ್ಕೆ ಒಬ್ಬ ಎಂಜಿನಿಯರನ್ನು ಬೇಡವೆಂದಿದ್ದರು.

ದೇವಸ್ಥಾನದಿಂದ ಜಾತ್ರೆ ಕಲಿಯಬೇಕಾದದ್ದು ಒಂದಿದೆ. ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿರುವ ನರಸಿಂಹನ ದರ್ಶನವಾಗಲೆಂದು ಕನ್ನಡಿ ಇಟ್ಟಿದ್ದಾರೆ. ಇದೇ ತಂತ್ರವನ್ನು ಹೊರಗೆ ಎತ್ತುಗಳಿಗೂ ಅಳವಡಿಸಿದರೆ, ಹಿಂದೆ ಹೋಗದೆಯೇ ಹಿಂಭಾಗ ಪರಿಶೀಲಿಸಬಹುದು. ಈ ಸಲಹೆಗೆ ನನ್ನ ಬಲಮೊಣಕಾಲಿನ ಸಂಪೂರ್ಣ ಬೆಂಬಲವಿದೆ.

ಈಗ ಟವೆಲ್ಲಿನ ವಿಚಾರ. ಜಾತ್ರೆಯ ಅತ್ಯಂತ ಗಂಭೀರ ಆಡಳಿತ ಲೋಪ ಇರುವುದು ಇದರೊಳಗೆ.

ಹೆಗಲ ಮೇಲೆ ಹಸಿರು ಚೌಕಳಿ ಟವೆಲ್ ಹೊದ್ದ ದಲ್ಲಾಳಿಯೊಬ್ಬರು ಮಾಲೀಕರ ಬಲಗೈ ಹಿಡಿದರು. ಎರಡೂ ಕೈಗಳ ಮೇಲೆ ಟವೆಲ್ ಇಳಿಬಿಟ್ಟರು. ಆಮೇಲೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತು ಮಳೆಯ ಬಗ್ಗೆ ಮಾತಾಡತೊಡಗಿದರು. ಟವೆಲ್ಲಿನ ಕೆಳಗೆ ಏನೋ ಹೊರಳಿತು. ದಲ್ಲಾಳಿಯ ಮುಂಗೈ ನರ ಒಮ್ಮೆ ಉಬ್ಬಿ ಇಳಿಯಿತು. "ಇಷ್ಟು," ಎಂದರು. ಮಾಲೀಕರು ಆಕಾಶ ನೋಡಿದರು. "ಇದ್ರ ಮ್ಯಾಲೆ ಇಷ್ಟು." ಮಾಲೀಕರು ಕೈ ಕಿತ್ತುಕೊಳ್ಳಲು ನೋಡಿದರು, ದಲ್ಲಾಳಿ ಬಿಡಲಿಲ್ಲ. "ಗೌಡ್ರೇ, ಮಗಳ ಮನೆ ಕಡೆ ಬೋರ್‌ನಲ್ಲಿ ನೀರು ಬಂತಾ?" ಎಂದು ಮೇಲೆ ವಿಚಾರಿಸುತ್ತಾ ಒಳಗೆ ಇನ್ನೊಂದು ಬೆರಳು ಸೇರಿಸಿದಂತೆ ಕಂಡಿತು. ಹಿಡಿದ ಬೆರಳುಗಳೇ ಅಂಕಿ. ಒಂದು ಬೆರಳೆಂದರೆ ಸಾವಿರವೋ ಹತ್ತು ಸಾವಿರವೋ ಎಂಬುದನ್ನು ಎದುರಿಗಿರುವ ಎತ್ತೇ ಹೇಳುತ್ತದೆ. ಸುತ್ತ ಜನ ಗುಂಪುಗೂಡಿದ್ದರು. ಎಲ್ಲರಿಗೂ ವ್ಯಾಪಾರ ನಡೆಯುತ್ತಿರುವುದು ಗೊತ್ತು, ಒಬ್ಬರಿಗೂ ಬೆಲೆ ಗೊತ್ತಿಲ್ಲ. ನಾನು ಬಗ್ಗಿ ಟವೆಲ್ಲಿನ ಅಂಚು ಸ್ವಲ್ಪ ಎತ್ತಿ ನೋಡಲು ಹೋದೆ. ಆಗ ಕೇಳಿಬಂದ ಮಾತುಗಳು ಈ ವರದಿಯ ಭಾಷೆಗೆ ಹೊಂದುವುದಿಲ್ಲ.

ಪಾರದರ್ಶಕತೆಯ ಅಭಾವ ಎಂದು ಬರೆದುಕೊಂಡೆ. ಒಂದು ದೊಡ್ಡ ಎಲ್‌ಇಡಿ ಫಲಕ ಹಾಕಿ ಪ್ರತಿಯೊಬ್ಬರು ಕೇಳಿದ ಬೆಲೆಯನ್ನೂ ಅದರಲ್ಲಿ ಬಿತ್ತರಿಸಬಹುದೆಂದು ದಲ್ಲಾಳಿಗೆ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿದರು. "ಒಬ್ಬ ಕಮ್ಮಿಗೆ ಕೇಳ್ದ ಅಂತಿಟ್ಕಳಿ. ಅದು ಬೋರ್ಡಿಗೆ ಬಂದ್ರೆ ನಾಳೆ ಬರೋನು ಅಲ್ಲಿಂದ್ಲೇ ಶುರು ಮಾಡ್ತಾನೆ. ಎತ್ತಿನ ಮಾನ ಹೋಯ್ತಲ್ಲ ಸಾಮಿ. ಟವೆಲ್ ಒಳಗೆ ಕೇಳಿದ್ದು ಟವೆಲ್ ಒಳಗೇ ಸಾಯ್ತದೆ." ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದ್ದು 2023ರಲ್ಲಿ. ಈ ಟವೆಲ್ ಅದಕ್ಕಿಂತ ಹಳೆಯದಿರುವಂತೆ ಕಂಡಿತು. ಒಗೆದಂತೂ ಬಹಳ ದಿನವಾಗಿತ್ತು. ಆದರೆ ಅದಕ್ಕೆ ನಿಯಮಾವಳಿ ಇಲ್ಲ, ಮಂಡಳಿ ಇಲ್ಲ, ಅಧ್ಯಕ್ಷರಿಲ್ಲ. ಇಂಥ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಲಾಗದು.

ಹಗ್ಗ, ಮೂಗುದಾರ, ಗೆಜ್ಜೆ, ಗಂಟೆ, ಬಾರುಕೋಲು ಮಾರುವ ಅಂಗಡಿಗಳ ಸಾಲಿನ ಕೊನೆಗೆ ಲಾಳ ಕಟ್ಟುವವರು ಕೂತಿದ್ದರು. ಹಗ್ಗದಲ್ಲಿ ಕಾಲು ಸುತ್ತಿ ಎತ್ತನ್ನು ಮೆಲ್ಲಗೆ ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಕಟ್ಟಿ, ಗೊರಸು ಕೆತ್ತಿ, ಮೊಳೆ ಹೊಡೆಯುತ್ತಾರೆ. ಕುದುರೆಗೆ ಕಾಲಿಗೊಂದು ಲಾಳ ಸಾಕು. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆರಡು, ಒಟ್ಟು ಎಂಟು. ದುಪ್ಪಟ್ಟು ಖರ್ಚು. ಗೊರಸಿನ ಸೀಳನ್ನು ಮುಚ್ಚಿದರೆ ಉಳಿತಾಯವಾಗುವುದಿಲ್ಲವೇ ಎಂದೆ. ಲಾಳದವರು ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಉತ್ತರಿಸಲಿಲ್ಲ. ಆದರೂ ಪ್ರಶ್ನಿಸುವುದು ತಜ್ಞನ ಧರ್ಮ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಕಾಲ ಇದಲ್ಲ. ಎತ್ತು ಏಕೆ ಈಯುತ್ತಿಲ್ಲ ಎಂದು ಕಾರ್ಯಾಗಾರ ನಡೆಸುವ ಕಾಲ.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಸರ್ಕಾರ ದನಗಳ ಜಾತ್ರೆ, ಸಂತೆಗಳನ್ನು ನಿಷೇಧಿಸಿತ್ತು. ಆ ರೋಗ ಮನುಷ್ಯರಿಗೆ ಅಂಟುವುದಿಲ್ಲ. ದನಗಳನ್ನು ಬಿಟ್ಟು ತಜ್ಞರಷ್ಟೇ ಸೇರಿ ದನಗಳ ಜಾತ್ರೆ ನಡೆಸಬಹುದಿತ್ತು ಎಂಬುದನ್ನು ದಾಖಲೆಗಾಗಿ ಹೇಳಿಡುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ನನಗೊಂದು ಅನುಮಾನ ಮೂಡಿತು. ಫ್ಯಾನಿನ ಕೆಳಗಿನ ಎತ್ತುಗಳು ನೊಗ ಕಂಡಂತಿರಲಿಲ್ಲ. ಹೆಗಲು ಮಗುವಿನ ಕೆನ್ನೆಯಷ್ಟು ನುಣುಪು. "ಇವನ್ನ ಉಳಕ್ಕೆ ಕಟ್ತೀರಾ?" ಎಂದರೆ ಮಾಲೀಕರಿಗೆ ನೋವಾಯಿತು. "ಉಳಕ್ಕೆ ಟ್ರ್ಯಾಕ್ಟರ್ ಐತೆ. ಇವು ಶೋಕಿಗೆ." ಹಾಗಾದರೆ ಉಳುವ ಎತ್ತನ್ನು ಕೊಳ್ಳುವವರು ಯಾರು ಎಂದು ಹುಡುಕುತ್ತಾ ಜಾತ್ರೆಯ ಆ ತುದಿಗೆ ಹೋದರೆ, ಫ್ಲೆಕ್ಸ್ ಇಲ್ಲದ, ಬ್ಯಾಂಡ್ ಇಲ್ಲದ ಬಯಲಿನಲ್ಲಿ ರಾಯಚೂರು ಕಡೆಯ ಒಬ್ಬರು ನಾಲ್ಕು ಹಲ್ಲಿನ ಜೋಡಿಯೊಂದನ್ನು ಹಿಡಿದು ನಡೆಸಿ ನೋಡುತ್ತಿದ್ದರು. ಅವರು ಎತ್ತಿನ ಮುಖವನ್ನೇ ನೋಡುತ್ತಿರಲಿಲ್ಲ. ಮುಂಗಾಲು ಊರಿದ ಹೆಜ್ಜೆಗೆ ಹಿಂಗಾಲು ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಬಗ್ಗಿ ನೋಡುತ್ತಿದ್ದರು. ಹಿಂಗಾಲು ಆ ಗುರುತನ್ನು ದಾಟಿ ಮುಂದೆ ಬಿತ್ತು. ಅವರು ಸುಮ್ಮನೆ ತಲೆಯಾಡಿಸಿದರು.

ಇವಕ್ಕೂ ಮೇಲ್ಹಲ್ಲಿಲ್ಲ ಎಂದು ಎಚ್ಚರಿಸುವುದು ನನ್ನ ಕರ್ತವ್ಯವಾಗಿತ್ತು. ಎಚ್ಚರಿಸಿದೆ.

"ಹೌದ್ರೀ? ಬಾಳ ಚಲೋ ಆತು," ಎಂದರು. "ಕಚ್ಚೂದಿಲ್ಲಂತ ಗ್ಯಾರಂಟಿ ಆತಲ್ಲ. ಇವನ್ನ ಸ್ವಲ್ಪ ಹಿಡ್ಕೊಂಡಿರ್ರೀ, ಗಾಡಿಯವನ್ನ ಕರ್ಕೊಂಡ ಬರ್ತೀನಿ."

ಎರಡು ಹಗ್ಗಗಳನ್ನು ನನ್ನ ಕೈಗಿಟ್ಟು ಹೊರಟೇಬಿಟ್ಟರು. ಕ್ಷೇತ್ರಕಾರ್ಯದಲ್ಲಿ ಇಂಥ ನೇರ ಹೊಣೆಗಾರಿಕೆ ಅಪರೂಪ. ನಾನು ಸರಿಯಾದ ಭಂಗಿಯಲ್ಲಿ, ಕಾಲು ಅಗಲಿಸಿ, ಫೋಟೊಗೆ ಅನುಕೂಲವಾಗುವಂತೆ ನಿಂತೆ. ಎಡದ ಎತ್ತು ಮೂಗೆತ್ತಿ ಗಾಳಿ ಮೂಸಿತು. ಬಲದ್ದು ಅದರ ಅಭಿಪ್ರಾಯವನ್ನು ಅನುಮೋದಿಸಿತು. ಮೂವರಿದ್ದ ಆ ಸಮಿತಿಯಲ್ಲಿ ಇಬ್ಬರು ನೀರಿನ ತೊಟ್ಟಿಯ ಕಡೆ ಎಂದರು. ನಾನು ಬಹುಮತವನ್ನು ಗೌರವಿಸಿ, ಮೊದಲ ಕೆಲವು ಮಾರು ಕಾಲ ಮೇಲೆ, ಉಳಿದ ದೂರ ಬೇರೆ ರೀತಿಯಲ್ಲಿ, ಅವುಗಳ ಜೊತೆ ಹೋದೆ.