ಅಂಗಳದ ಬೆಂಚಿನ ವರ್ಣಸ್ತರ ಮೀಮಾಂಸೆ

ಮಲೆನಾಡು, ಕರಾವಳಿಯ ಹಳೇ ಮನೆಗಳಲ್ಲಿ ಅರ್ಧ ಸೂರಿನಡಿಗೆ, ಅರ್ಧ ಸೂರಿನಾಚೆಗೆ ಚಾಚಿಕೊಂಡ ಮರದ ಬೆಂಚೊಂದು ಇರುತ್ತದೆ. ಹಲಸೋ ಸಾಗುವಾನಿಯೋ ಮತ್ತಿಯೋ ಎಂದು ಕೇಳಿದರೆ ಯಜಮಾನರು "ಒಳ್ಳೇ ಮರ" ಎನ್ನುತ್ತಾರೆ. ಮರವನ್ನು ಕಣ್ಣಾರೆ ಕಂಡವರು ಮನೆಯಲ್ಲಿ ಯಾರೂ ಉಳಿದಿಲ್ಲ; ಕಾಣುವುದು ಬಣ್ಣ ಮಾತ್ರ. ಹಂಪಿಯ ಮಂಟಪಗಳಿಗೆ ಸಿಕ್ಕ ವಿದ್ವಾಂಸರಲ್ಲಿ ಒಬ್ಬರಾದರೂ ಈ ಬೆಂಚಿಗೆ ಸಿಗಲಿಲ್ಲವಲ್ಲ ಎಂಬ ಕೊರಗೇ ಪ್ರಸ್ತುತ ಪ್ರಬಂಧಕ್ಕೆ ಪ್ರೇರಣೆ.

ಚಕ್ಕೆ ಎದ್ದ ಮೂಲೆಯೇ ನಮ್ಮ ಉತ್ಖನನದ ನೆಲೆ. ಉಪಕರಣ, ಹೆಬ್ಬೆರಳಿನ ಉಗುರು. ಮೇಲಿನ ಸ್ತರ ಕಡುಗಂದು: ಗೇಟಿನ ಕಾಲ. ಅದರಡಿ ತಿಳಿಹಸಿರು: ಕಿಟಕಿಗಳ ಕಾಲ. ಅದರಡಿ ಆಕಾಶನೀಲಿ: ಅತ್ತೆಯ ಮದುವೆಯ ಕಾಲ. ಇನ್ನೂ ಕೆಳಗೆ ಗುಲಾಬಿ ಪ್ರೈಮರ್ ಕಂಡರೆ ಅದು ಸುವರ್ಣಯುಗ. ಆ ಪೀಳಿಗೆಯವರು ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತಿದ್ದರು. ಇಲ್ಲಿಂದ ಪ್ರಥಮ ಸೂತ್ರ: ಬೆಂಚಿಗೆಂದು ಬಣ್ಣವನ್ನು ಯಾರೂ ಕೊಳ್ಳುವುದಿಲ್ಲ, ಬೇರೆಲ್ಲೋ ಬಳಿದು ಮಿಕ್ಕಿದ್ದು ಬೆಂಚಿಗೆ ಬರುತ್ತದೆ. ಮಿಕ್ಕಿದ್ದೂ ಸಾಲದಿದ್ದಲ್ಲಿ ಎರಡು ಡಬ್ಬಿ ಬೆರೆಸುವುದು ಶಾಸ್ತ್ರಸಮ್ಮತ. ಹಾಗೆ ಹುಟ್ಟಿದ ಬಣ್ಣಕ್ಕೆ ಯಾವ ಶೇಡ್ ಕಾರ್ಡಿನಲ್ಲೂ ಹೆಸರಿಲ್ಲ.

ಈ ಶಾಸ್ತ್ರದಲ್ಲಿ ಪಂಥಗಳು ಎರಡು. ಘರ್ಷಣವಾದಿಗಳ ಪ್ರಕಾರ ಮರ ಸತ್ಯ, ಬಣ್ಣ ಮಿಥ್ಯೆ. 80ರ ಉಪ್ಪುಕಾಗದದಿಂದ ಹಳೆಯದನ್ನೆಲ್ಲ ತೆಗೆದು, 120ರಿಂದ ನಯಮಾಡಿ, 220ರಲ್ಲಿ ಮುಗಿಸಬೇಕು. ಉಜ್ಜುವುದು ಮರದ ಎಳೆಯ ಗುಂಟ, ಅಡ್ಡಡ್ಡ ಅಲ್ಲ. ಲೇಪನವಾದಿಗಳು ಇದನ್ನು ಪೂರ್ತಿ ಕೇಳಿಸಿಕೊಂಡು ಒಂದೇ ಮಾತಿನಲ್ಲಿ ಖಂಡಿಸುತ್ತಾರೆ: "ಹಾಗಾದರೆ ನೀವೇ ಉಜ್ಜಿ." ವಾದ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ಘರ್ಷಣವಾದಕ್ಕೆ ನಿಜವಾದ ಆಕ್ಷೇಪ ಬೇರೆಯೇ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಸ್ತರಗಳನ್ನು ಒಣಗಿದಂತೆಯೇ ಉಜ್ಜಿದರೆ ಮಿಥ್ಯೆಯೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ವಾಟರ್ ಪೇಪರನ್ನು ಒದ್ದೆ ಮಾಡಿಕೊಂಡು, ಮಕ್ಕಳನ್ನು ದೂರ ಕಳಿಸಿ ಉಜ್ಜತಕ್ಕದ್ದು. ಇದೊಂದು ಕಂಡಿಕೆಯಲ್ಲಿ ಮಾತ್ರ ತಮಾಷೆ ಇಲ್ಲ.

ಲೇಪನವಾದಿಗಳು ಸೋಲುವುದು ಪಂಚಾಂಗದೆದುರು. ಬಣ್ಣ ಬಳಿಯುವುದು ದೀಪಾವಳಿಗೆ. ನಾಲ್ಕು ತಿಂಗಳ ಮಳೆ ಕುಡಿದ ಮರ ಆಗಿನ್ನೂ ಒಳಗೆ ಹಸಿ. ಅದರ ಮೇಲೆ ಎನಾಮೆಲ್ ಬಳಿದು ನೀರನ್ನು ಒಳಗೇ ಬಂಧಿಸಿದರೆ, ಬಿಸಿಲೇರಿದಾಗ ಅದು ಆವಿಯಾಗಿ ಹೊರಬರಲು ಹವಣಿಸಿ ಬಣ್ಣವನ್ನು ಬೊಬ್ಬೆ ಬೊಬ್ಬೆಯಾಗಿ ಎಬ್ಬಿಸುತ್ತದೆ. ಆಗ ಯಜಮಾನರು ಕಂಪನಿಯನ್ನು ಬೈಯುತ್ತಾರೆ. ಹೋಳಿ ಹಬ್ಬದವರೆಗಾದರೂ ತಡೆಯಿರಿ ಎಂದರೆ, ಆಗ ನೆಂಟರು ಬರುವುದಿಲ್ಲವಲ್ಲ!

ಅವೈದಿಕ ಪಂಥಗಳ ಮಾತೂ ಇರಲಿ. ಕೆಲವರು ಅರಗಿನ ಪಾಲಿಶನ್ನು ಎತ್ತಿಹಿಡಿಯುತ್ತಾರೆ. ಮೈಸೂರಿನಲ್ಲಿ 1937ರಲ್ಲೇ ಅರಗು-ಬಣ್ಣದ ಕಾರ್ಖಾನೆ ಕಟ್ಟಿದ ನಾಡು ನಮ್ಮದು, ಅಭಿಮಾನ ಸಹಜ. ಆದರೆ ಮೊದಲ ಮಳೆ ಬಿದ್ದೊಡನೆ ಅರಗಿನ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ. ಅದೇ ಕಾರ್ಖಾನೆಯ ಶಾಯಿ 1962ರ ಚುನಾವಣೆಯಿಂದ ಮತದಾರರ ಬೆರಳಿನ ಮೇಲೆ ವಾರಗಟ್ಟಲೆ ಅಳಿಯದೆ ನಿಲ್ಲುತ್ತಿದೆ; ಬೆಂಚಿಗೂ ಅದನ್ನೇ ಏಕೆ ಬಳಿಯಬಾರದೆಂದು ಚುನಾವಣಾ ಆಯೋಗವನ್ನು ಕೇಳುವ ಧೈರ್ಯ ಈ ಸಂಶೋಧಕನಿಗಿಲ್ಲ. ಕರಾವಳಿಯ ಹಿರಿಯರ ಗೇರುಸಿಪ್ಪೆಯ ಎಣ್ಣೆ ಗೆದ್ದಲನ್ನು ದೂರವಿಡುತ್ತದೆ. ಹಸಿಯಾಗಿದ್ದಾಗ ಚರ್ಮವನ್ನು ಸುಡುವುದರಿಂದ ಸೋಮಾರಿಗಳನ್ನೂ.

ಇನ್ನು ಪ್ರಥಮ ಉಪವೇಶಕನ ಸಮಸ್ಯೆ. ಎನಾಮೆಲ್ ಒಣಗುವುದೆಂದರೆ ಬರೀ ಟರ್ಪೆಂಟೈನ್ ಆರುವುದಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಬೇಕು, ಅದಕ್ಕೆ ಒಂದು ರಾತ್ರಿಯಾದರೂ ಬೇಕು. ಆದ್ದರಿಂದ "ಬಣ್ಣ ಹಸಿ ಇದೆ" ಎಂದು ಚೀಟಿ ಬರೆದು ಬೆಂಚಿನ ಮೇಲಿಡುವ ಸಂಪ್ರದಾಯ. ಪಕ್ಕದ ಮನೆಯ ರಾಯರು ಬರುತ್ತಾರೆ, ಚೀಟಿ ಎತ್ತಿಕೊಳ್ಳುತ್ತಾರೆ, ಕನ್ನಡಕ ಹುಡುಕುತ್ತಾರೆ, ಆರಾಮಾಗಿ ಓದೋಣವೆಂದು ಕೂರುತ್ತಾರೆ. ಅವರ ಪಂಚೆಯ ನೇಯ್ಗೆ ಆಕಾಶನೀಲಿ ಸ್ತರದಲ್ಲಿ ಇಂದಿಗೂ ಸ್ಪಷ್ಟವಾಗಿ ಓದಲು ಸಿಗುತ್ತದೆ. ಕಾಲನಿರ್ಣಯಕ್ಕೆ ಇದಕ್ಕಿಂತ ಉತ್ತಮ ಆಕರವಿಲ್ಲ.

ಎರಡೂ ಪಂಥಗಳು ಒಮ್ಮತದಿಂದ ಕೈಬಿಟ್ಟ ವಿಷಯ ಒಂದಿದೆ: ಬೆಂಚಿನ ಕಾಲುಗಳ ಅಡಿ. ಮರದ ಎಳೆಗಳ ಬಾಯಿ ತೆರೆದಿರುವುದು ಅಲ್ಲಿ, ನೆಲದ ನೀರನ್ನು ಮರ ಹೀರುವುದೂ ಅಲ್ಲಿಂದಲೇ. ಬೆಂಚನ್ನು ಮಗುಚಿ ಮೊದಲ ಕೈ ಬಳಿಯಬೇಕಾದ್ದೂ ಅಲ್ಲಿಗೇ. ಆದರೆ ಕಾಣದ ಜಾಗಕ್ಕೆ ಬಣ್ಣ ಹಚ್ಚುವುದು ದುಂದೆಂಬುದು ಯಜಮಾನರ ಇತ್ಯರ್ಥ. ಈ ತೆರವಿನಲ್ಲಿ ಗೆದ್ದಲು ಹಲವು ವರ್ಷಗಳ ಕ್ಷೇತ್ರಕಾರ್ಯ ನಡೆಸಿ ತನ್ನ ಮಹಾಪ್ರಬಂಧವನ್ನು ಸಲ್ಲಿಸಿದೆ. ಮೌಖಿಕ ಪರೀಕ್ಷೆ ಬರುವ ದೀಪಾವಳಿಗೆ, ದಪ್ಪನೆಯ ಬೀಗರು ಬಂದು ಕೂತಾಗ.