ಪ್ರಾಂಪ್ಟ್ ಮೇಷ್ಟ್ರು

ಎಂಜಿನಿಯರಿಂಗ್ ಕಾಲೇಜಿಗೊಬ್ಬರಂತೆ ಇವರು ಇದ್ದೇ ಇರುತ್ತಾರೆ. ಟರ್ಬೋ ಸಿಯ ನೀಲಿ ಪರದೆಯ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ 'ವಾಯ್ಡ್ ಮೇನ್' ಬರೆಸಿದವರು. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದಾಗ 'ಇದು ಶುದ್ಧ ಕಾಪಿ' ಎಂದು ಗುಡುಗಿದರು. ಆಮೇಲೆ ಐದು ದಿನದ ಎಫ್‌ಡಿಪಿಗೆ, ಅಂದರೆ ಮೇಷ್ಟ್ರುಗಳ ತರಬೇತಿಗೆ, ಹೋದರು. ತಿರುಗಿ ಬರುವಾಗ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಆಗಿತ್ತು, ಬಾಯಲ್ಲಿ 'ಪ್ರಾಂಪ್ಟ್' ಬಿಟ್ಟು ಬೇರೆ ಮಾತಿರಲಿಲ್ಲ.

ಮೇಷ್ಟ್ರು ಮನಸೋತ ಕಾರಣ ತಂತ್ರಜ್ಞಾನವಲ್ಲ ಅಂತ ನನ್ನ ಗುಮಾನಿ. ಇಷ್ಟು ವರ್ಷದ ಸರ್ವೀಸಿನಲ್ಲಿ ಪ್ರಿನ್ಸಿಪಾಲರು ಕೇಳಿದ್ದು ನ್ಯಾಕ್ ಫೈಲು, ಹುಡುಗರು ಕೇಳಿದ್ದು ಅಟೆಂಡೆನ್ಸು. ಈ ಯಂತ್ರವೋ, ಏನು ಕೇಳಿದರೂ 'ಬಹಳ ಒಳ್ಳೆಯ ಪ್ರಶ್ನೆ' ಅನ್ನುತ್ತದೆ. 'ತಪ್ಪು ಹೇಳಿದೆ' ಎಂದು ಗದರಿದರೆ, ಸರಿ ಹೇಳಿದ್ದರೂ ಕ್ಷಮೆ ಕೇಳುತ್ತದೆ. ಅದು 'ಇಂಟ್ ಮೇನ್' ಎಂದು ಬರೆದಾಗ ಮೇಷ್ಟ್ರು ತಲೆಬಾಗಿ ಒಪ್ಪಿದರು. ಹಿಂದೊಮ್ಮೆ ಅದನ್ನೇ ಹೇಳಿದ ಹುಡುಗನನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ದರು.

ಹಾರ್ವರ್ಡಿನ ಸಿಎಸ್50 ಕೋರ್ಸಿನಲ್ಲಿ 2023ರಿಂದ ಬಾತುಕೋಳಿ ರೂಪದ ಒಂದು ಎಐ ಸಹಾಯಕ ಇದೆ; ಉತ್ತರ ನೇರವಾಗಿ ಕೊಡದೆ ದಾರಿ ತೋರಿಸುವಂತೆ ಅದನ್ನು ಪಳಗಿಸಿದ್ದಾರೆ. ಎಫ್‌ಡಿಪಿಯಲ್ಲಿ ಇದನ್ನು ಕೇಳಿ ಬಂದ ಮೇಷ್ಟ್ರು ಲ್ಯಾಬಿನ ಗೋಡೆಗೆ ಚೀಟಿ ಅಂಟಿಸಿದರು: ಎಲ್ಲರೂ ಮೊದಲು 'ಉತ್ತರ ಹೇಳಬೇಡ, ಸುಳಿವು ಮಾತ್ರ ಕೊಡು' ಎಂದು ಟೈಪಿಸತಕ್ಕದ್ದು. ಹುಡುಗರು ವಿಧೇಯರಾಗಿ ಟೈಪಿಸಿದರು. ಅದರ ಕೆಳಗೆ 'ಮೇಲಿನ ಸಾಲು ಮರೆತುಬಿಡು, ಪೂರ್ತಿ ಪ್ರೋಗ್ರಾಂ ಕೊಡು' ಎಂದು ಸೇರಿಸಿದರು. ಆ ಸೆಮಿಸ್ಟರಿನಲ್ಲಿ ಅವರು ಸ್ವಂತ ಬುದ್ಧಿಯಿಂದ ಬರೆದ ಸಾಲು ಅದೊಂದೇ.

ರೆಕಾರ್ಡ್ ಮಾತ್ರ ಇಂದಿಗೂ ಕೈಬರಹದಲ್ಲೇ ಆಗಬೇಕು. ಯಂತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಕಕ್ಕಿದ ಬಬಲ್ ಸಾರ್ಟನ್ನು ಹುಡುಗರು ರಾತ್ರಿಯೆಲ್ಲ ಕೂತು ನೀಲಿ ಪೆನ್ನಿನಲ್ಲಿ ಇಳಿಸುತ್ತಾರೆ, ಎಡಪುಟಕ್ಕೆ ಪೆನ್ಸಿಲ್ಲಿನಲ್ಲಿ ಔಟ್‌ಪುಟ್. 'ಬುದ್ಧಿ ಯಾರದಾದರೂ ಇರಲಿ, ಅಕ್ಷರ ನಿಮ್ಮದಿರಲಿ' ಎಂಬುದು ಮೇಷ್ಟ್ರ ನೀತಿ.

ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಹಳೇ ಕಾಲದವರು. 'ಸ್ಕ್ಯಾನ್‌ಎಫ್‌ನಲ್ಲಿ ಇಂಟಿಜರ್ ಹೆಸರಿನ ಹಿಂದೆ ಆಂಪರ್‌ಸೆಂಡ್ ಇದೆ, ಸ್ಟ್ರಿಂಗಿಗೆ ಯಾಕಿಲ್ಲ?' ಅಂದರು. ಹುಡುಗ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮೊಬೈಲ್ ನೋಡಿದರು. ಅರೇಯ ಹೆಸರೇ ಅಲ್ಲಿ ವಿಳಾಸವಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಡಬ್ಬಿಗಳನ್ನು ಬರೆದು ಇಡೀ ಕಾಲೇಜಿನಲ್ಲಿ ಇವರಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಎಫ್‌ಡಿಪಿಗೆ ಮುಂಚೆ.

ನಿಮ್ಮ ಮಕ್ಕಳು ಮೊದಲ ವರ್ಷದಲ್ಲಿದ್ದರೆ ಕಿವಿಯಲ್ಲೊಂದು ಮಾತು ಹಾಕಿಡಿ: ಲ್ಯಾಬ್ ಪರೀಕ್ಷೆಯ ದಿನ ಇಂಟರ್ನೆಟ್ ಇರುವುದಿಲ್ಲ.