ಯಾರ ಪ್ಯಾಕೆಟ್ಟು ಮುಂದು?

ಅವಿಭಕ್ತ ಕುಟುಂಬದಲ್ಲಿ ಕೆಲವು ಪ್ರಶ್ನೆಗಳನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸೊಸೆಯ ಆಫೀಸು ದೊಡ್ಡದೋ ಅತ್ತೆಯ ಧಾರಾವಾಹಿ ದೊಡ್ಡದೋ, ಮೊಮ್ಮಗನ ಆಟ ಮುಖ್ಯವೋ ತಾತನ ಪ್ರವಚನ ಮುಖ್ಯವೋ ಎಂಬುದೆಲ್ಲ ಬಾಗಿಲನ್ನು ಒಂಚೂರು ಜೋರಾಗಿ ಎಳೆದುಕೊಂಡು, ಲೋಟವನ್ನು ಒಂಚೂರು ಕುಕ್ಕಿ ಇಟ್ಟು ತೀರ್ಮಾನವಾಗಬೇಕಾದ ವಿಷಯ. ರೌಟರಿಗೆ ಈ ನಯನಾಜೂಕು ಗೊತ್ತಿಲ್ಲ. ಅದರ ಸೆಟ್ಟಿಂಗ್ಸಿನೊಳಗೆ ಹೋದರೆ ಮನೆಯವರ ಫೋನು, ಟಿವಿ, ಲ್ಯಾಪ್‌ಟಾಪುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದರ ಎದುರಿಗೂ ಹೈ, ಮೀಡಿಯಂ, ಲೋ ಎಂದು ಬರೆದಿಟ್ಟು, ‘ಹೇಳಿ ಯಜಮಾನರೇ, ಇವರಲ್ಲಿ ಲೋ ಯಾರು?’ ಎಂದು ಮುಖಕ್ಕೇ ಕೇಳುತ್ತದೆ.

ಈ ಪುಟಕ್ಕೆ ಕ್ಯೂಓಎಸ್ ಎಂದು ಹೆಸರು. ಪೂರ್ತಿ ಹೇಳಿದರೆ ಕ್ವಾಲಿಟಿ ಆಫ್ ಸರ್ವಿಸ್. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದು ಒಳಹೊಕ್ಕವರಲ್ಲಿ ನೂರಕ್ಕೆ ತೊಂಬತ್ತು ಮಂದಿ ವೈಫೈ ಪಾಸ್‌ವರ್ಡ್ ಬದಲಾಯಿಸಿ ಹೊರಬರುತ್ತಾರೆ. ಪುಣ್ಯವಂತರು.

ನಮ್ಮದು ಮೈಸೂರಿನ ಕುವೆಂಪುನಗರದ ಮನೆ. ಆರು ಜನ, ಒಂದು ಫೈಬರ್ ಸಂಪರ್ಕ, 40 ಎಂಬಿಪಿಎಸ್ ಪ್ಲಾನು. ಹಗಲೆಲ್ಲ ಇಂಟರ್ನೆಟ್ಟು ಸರಾಗ. ಗ್ರಹಚಾರ ಕೂಡಿಬರುವುದು ಸಂಜೆ ಏಳೂವರೆಗೆ. ಹೆಂಡತಿಯ ಅಮೆರಿಕದ ಕ್ಲೈಂಟುಗಳು ಆಗ ಎದ್ದು ಕಾಫಿ ಹಿಡಿದು ಮೀಟಿಂಗಿಗೆ ಕೂರುತ್ತಾರೆ. ಡಲ್ಲಾಸಿನಲ್ಲಿರುವ ತಂಗಿ ಮಗುವನ್ನು ಶಾಲೆಗೆ ಬಿಟ್ಟು ಬಂದು ಅಪ್ಪನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಅಮ್ಮ ಟ್ಯಾಬ್ ತೆರೆದು, ನಿನ್ನೆ ಯಾರೋ ಬಂದು ತಪ್ಪಿಹೋದ ಧಾರಾವಾಹಿಯ ಕಂತು ಹಾಕಿಕೊಳ್ಳುತ್ತಾಳೆ. ಪಿಯುಸಿ ಓದುತ್ತಿದ್ದಾನೆಂದು ನಾವು ನಂಬಿರುವ ಮಗ, ಎಲ್ಲೆಲ್ಲೋ ಕೂತ ಗೆಳೆಯರ ಜೊತೆ ಸೇರಿ ಯಾರನ್ನೋ ಗುಂಡಿಟ್ಟು ಕೊಲ್ಲುತ್ತಿರುತ್ತಾನೆ. ಮಗಳು ಕಾಲೇಜಿನಿಂದ ಬಂದವಳೇ ಫೋನು ಚಾರ್ಜಿಗೆ ಹಾಕಿ ನಿದ್ದೆ ಹೊಡೆಯುತ್ತಿರುತ್ತಾಳೆ. (ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ.)

ಏಳು ನಲವತ್ತಕ್ಕೆ ಸರಿಯಾಗಿ ಮಹಡಿಯಿಂದ ಕೂಗು. ‘ರೀ, ಮತ್ತೆ ನಿಂತುಹೋಯ್ತು! ನಾನು ಬಾಯಿ ತೆರ್ಕೊಂಡು ಹಾಗೇ ಕೂತಿರೋದನ್ನ ಹದಿನಾಲ್ಕು ಜನ ನೋಡ್ತಿದಾರೆ. ಹಲ್ಲು ಎಣಿಸಿ ಮುಗಿಸಿರ್ತಾರೆ ಇಷ್ಟು ಹೊತ್ತಿಗೆ.’ ಅದೇ ಗಳಿಗೆಗೆ ಕೆಳಗಿನ ಕೋಣೆಯಲ್ಲಿ ಅಪ್ಪ, ‘ಹಲೋ, ಹಲೋ, ಕೇಳಿಸ್ತಿದೆಯೇನಮ್ಮಾ?’ ಎಂದು ಡಲ್ಲಾಸಿಗೆ ಇಂಟರ್ನೆಟ್ಟಿನ ಹಂಗಿಲ್ಲದೆಯೇ ಕೇಳಿಸುವಷ್ಟು ಜೋರಾಗಿ ಕೂಗುತ್ತಿರುತ್ತಾರೆ. ಕನೆಕ್ಷನ್ ಕೊಟ್ಟ ಹುಡುಗನಿಗೆ ಫೋನು ಮಾಡಿದರೆ ಅವನ ಬಳಿ ಎರಡೇ ಮದ್ದು. ಒಂದು, ‘ಆಫ್ ಮಾಡಿ ಆನ್ ಮಾಡಿ ಸಾರ್.’ ಇನ್ನೊಂದು, ‘100ರ ಪ್ಲಾನಿಗೆ ಹಾಕ್ಸಿಬಿಡಿ ಸಾರ್.’

ಹಾಗಾಗಿ ಕ್ಯೂಓಎಸ್ ಪುಟಕ್ಕೆ ಇಳಿದೆ. ಮೊದಲ ಕಷ್ಟ ಯಾರು ಯಾರೆಂದು ಗುರುತು ಹಿಡಿಯುವುದು. ಪಟ್ಟಿಯಲ್ಲಿ ಮನುಷ್ಯರ ಹೆಸರೇ ಇಲ್ಲ. ಆಂಡ್ರಾಯ್ಡ್ ಎಂದು ಶುರುವಾಗಿ ಬಾಲ ಬೆಳೆಸಿಕೊಂಡ ಎರಡು ಫೋನು, ‘ಅನ್‌ನೋನ್’ ಎಂಬ ಇನ್ನೆರಡು, ಇಎಸ್‌ಪಿ ಎಂದು ಹೆಸರಿಟ್ಟುಕೊಂಡ ಒಂದು ಆಸಾಮಿ. ಮನೆಯಲ್ಲಿ ಅಂಥವರು ಯಾರಿದ್ದಾರೆಂದು ತಲೆ ಕೆಡಿಸಿಕೊಂಡು ಹುಡುಕಿದರೆ ಅದು ದೇವರಮನೆಯ ಸ್ಮಾರ್ಟ್ ಬಲ್ಬು. ಹೆಸರಿನ ಕೆಳಗೆ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ ಇರುತ್ತದಲ್ಲ ಎನ್ನುತ್ತೀರಿ. ಅದೂ ನಂಬುವಂತಿಲ್ಲ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲೆ ಫೋನುಗಳು ಗೋಪ್ಯತೆಯ ಹೆಸರಿನಲ್ಲಿ ತಮ್ಮ ನಿಜವಾದ ಮ್ಯಾಕ್ ಹೇಳುವುದನ್ನು ಬಿಟ್ಟು, ಒಂದೊಂದು ವೈಫೈಗೆ ಒಂದೊಂದು ಕಾಲ್ಪನಿಕ ವಿಳಾಸ ಕೊಡುತ್ತವೆ. ಮಗನ ಫೋನಿಗೆ ಲೋ ಹಾಕಿದೆ. ಅವನು ಸೆಟ್ಟಿಂಗ್ಸಿಗೆ ಹೋಗಿ ಕಾಲ್ಪನಿಕ ಮ್ಯಾಕ್ ಬಿಟ್ಟು ಅಸಲಿ ಮ್ಯಾಕ್ ಆರಿಸಿಕೊಂಡ. ರೌಟರಿನ ಕಣ್ಣಿಗೆ ಲೋ ಹುಡುಗ ಮನೆಬಿಟ್ಟು ಹೋಗಿ, ಹೊಸ ಅತಿಥಿಯೊಬ್ಬ ಬಂದಂತಾಯಿತು. ಅತಿಥಿಗೆ ಮೀಡಿಯಂ.

ಪಟ್ಟಿಯೊಂದು ತಯಾರಾಗುತ್ತಿದೆ ಎಂಬ ಸುದ್ದಿ ಮನೆಯಲ್ಲಿ ಹಬ್ಬಲು ವೈಫೈ ಬೇಕಾಗಲಿಲ್ಲ. ಅಮ್ಮ ಕಾಫಿ ತಂದುಕೊಡುವ ನೆಪದಲ್ಲಿ ಪಕ್ಕಕ್ಕೆ ಬಂದಳು.

‘ಅದೇನೋ ನಂಬರ್ ಕೊಡ್ತಿದೀಯಂತಲ್ಲೋ ಎಲ್ಲರಿಗೂ. ನಂದೆಷ್ಟನೇದು?’

‘ಮೀಡಿಯಂ ಅಮ್ಮಾ.’

‘ಇರಲಿ ಬಿಡು. ನನಗೇನು, ವಯಸ್ಸಾಯ್ತು.’

ಈ ‘ಇರಲಿ ಬಿಡು’ವಿನ ಭಾರ ಎಷ್ಟು ಎಂಬುದು ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಟ್ಯಾಬಿಗೆ ತಕ್ಷಣ ಹೈ ಕೊಟ್ಟೆ. ಅಮ್ಮನಿಗೆ ಕೊಟ್ಟ ಮೇಲೆ ಅಪ್ಪನಿಗೆ ಕೊಡದಿದ್ದರೆ ಹೇಗೆ, ಕೊಟ್ಟೆ. ಹೆಂಡತಿಗೆ ಮೊದಲೇ ಹೈ ಇತ್ತು. ಇಲ್ಲದಿದ್ದರೆ ನಾನಿದನ್ನು ಬರೆಯಲು ಉಳಿದಿರುತ್ತಿರಲಿಲ್ಲ. ಹೀಗೆ ಎಲ್ಲರೂ ಹೈ ಆದಾಗ ಯಾರೂ ಹೈ ಅಲ್ಲ, ದೇವರಮನೆಯ ಬಲ್ಬೊಂದೇ ಲೋ. ಸಂಜೆ ಏಳು ನಲವತ್ತಕ್ಕೆ ಅದೇ ಕೂಗು.

ಇಂಟರ್ನೆಟ್ಟನ್ನು ಕಟ್ಟಿದವರಿಗೂ ಈ ತಲೆಬಿಸಿ ಇತ್ತು. 1981ರ ಸೆಪ್ಟೆಂಬರಿನಲ್ಲಿ, ಮಾಹಿತಿಯನ್ನು ಹೊತ್ತೊಯ್ಯುವ ಪುಟ್ಟ ಕಟ್ಟಾದ ಐಪಿ ಪ್ಯಾಕೆಟ್ಟಿನ ನಿಯಮ ಬರೆದಾಗಲೇ ಅದರ ತಲೆಬರಹದಲ್ಲಿ ಆದ್ಯತೆಗೆಂದು ಮೂರು ಬಿಟ್ ಜಾಗ ಬಿಟ್ಟಿದ್ದರು. ಮೂರು ಬಿಟ್ ಎಂದರೆ ಎಂಟು ಅಂತಸ್ತು. ದುಡ್ಡು ಅಮೆರಿಕದ ರಕ್ಷಣಾ ಇಲಾಖೆಯದು, ಹೆಸರುಗಳು ಸೈನ್ಯದ ತಂತಿ ಸಂದೇಶಗಳ ಶೈಲಿಯವು: ತಳದಲ್ಲಿ ರೊಟೀನ್, ಮೇಲಕ್ಕೆ ಹೋದಂತೆ ಪ್ರಯಾರಿಟಿ, ಇಮ್ಮೀಡಿಯೆಟ್, ಫ್ಲ್ಯಾಷ್, ಫ್ಲ್ಯಾಷ್ ಓವರ್‌ರೈಡ್. ನಮ್ಮ ಮನೆಯಲ್ಲಿ ತಂಗಿಯ ಕರೆ ಬಂದರೆ ಅಪ್ಪನದು ಫ್ಲ್ಯಾಷ್ ಓವರ್‌ರೈಡ್, ಸಂಶಯವಿಲ್ಲ. 1998ರಲ್ಲಿ ಆ ಜಾಗವನ್ನು ಆರು ಬಿಟ್ಟಿಗೆ ಹಿಗ್ಗಿಸಿ 64 ಗುರುತುಗಳಿಗೆ ಅವಕಾಶ ಮಾಡಿದರು. ಧ್ವನಿ ಕರೆಗೆ ಸಾಮಾನ್ಯವಾಗಿ ಹಾಕುವ ಗುರುತು 46. ನೀವು ಹಾಕಿದ ಗುರುತನ್ನು ಮನೆಯ ಹೊಸ್ತಿಲಾಚೆ ಹೆಚ್ಚಿನವರು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ಬೇರೆ ಮಾತು. ಎಲ್ಲರೂ ತಮ್ಮ ಪ್ಯಾಕೆಟ್ಟಿಗೆ ‘ಅರ್ಜೆಂಟ್’ ಎಂದು ಬರೆದುಕೊಳ್ಳುವ ಊರಿನಲ್ಲಿ ಇನ್ನೇನಾದೀತು?

ನನಗೊಂದು ಧರ್ಮಸಂಕಟವೂ ಇತ್ತು. 2015ರಲ್ಲಿ ನೆಟ್ ನ್ಯೂಟ್ರಾಲಿಟಿ ಉಳಿಸಿ ಎಂದು ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಮಿಕ್ಕಿ ಇಮೇಲ್ ಹೋದವಲ್ಲ, ಅದರಲ್ಲಿ ನನ್ನದೂ ಒಂದು. ಎಲ್ಲ ಪ್ಯಾಕೆಟ್ಟುಗಳೂ ಸಮಾನ ಎಂದು ವೀರಾವೇಶದಿಂದ ಬರೆದಿದ್ದೆ. 2016ರ ಫೆಬ್ರವರಿಯಲ್ಲಿ ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು, 2018ರಲ್ಲಿ ಸರ್ಕಾರ ಸಮಾನತೆಯ ತತ್ವವನ್ನೇ ಒಪ್ಪಿತು. ದೇಶದ ಯಾವ ಕಂಪನಿಯೂ ಮಾಡಬಾರದೆಂದು ನಾನು ಹೋರಾಡಿದ್ದನ್ನು ಈಗ ನನ್ನ ಮನೆಯೊಳಗೆ ಒಬ್ಬನೇ ಕೂತು ಮಾಡುತ್ತಿದ್ದೇನೆ. ಕಾನೂನಿನ ಪ್ರಕಾರ ತಪ್ಪಿಲ್ಲ, ಅದು ಕಂಪನಿಗಳಿಗೆ. ಮಗನ ಪ್ರಕಾರ ಇದು ಸರ್ವಾಧಿಕಾರ.

ಅಷ್ಟಕ್ಕೂ ವಿಜ್ಞಾನ ಮಗನ ಪರವಾಗಿಯೇ ಇದೆ. ಧಾರಾವಾಹಿಗೆ ಆದ್ಯತೆ ಬೇಕಿಲ್ಲ. ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ ಸಾಕು, ಅದೂ ಮುಂದಿನ ದೃಶ್ಯಗಳನ್ನು ಮೊದಲೇ ಇಳಿಸಿಕೊಂಡು ಕೂತಿರುತ್ತದೆ; ಅತ್ತೆ ಬಾಗಿಲ ಹಿಂದೆ ನಿಂತು ಕದ್ದು ಕೇಳಿಸಿಕೊಳ್ಳುವ ದೃಶ್ಯ ಅಮ್ಮನ ಟ್ಯಾಬಿಗೆ ಬಂದು ಎಷ್ಟೋ ಹೊತ್ತಾಗಿರುತ್ತದೆ, ಅಮ್ಮ ಇನ್ನೂ ನೋಡಿರುವುದಿಲ್ಲ. ಫೋನು ಕರೆಯ ಧ್ವನಿಗೆ 100 ಕೆಬಿಪಿಎಸ್ ಇದ್ದರೆ ಧಾರಾಳ. ಆದರೆ ಮಾತು ಹೊತ್ತಿಗೆ ಸರಿಯಾಗಿ ತಲುಪಬೇಕು: ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಚೆನ್ನ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಇನ್ನು ಆನ್‌ಲೈನ್ ಆಟ? ಅದರ ಪ್ಯಾಕೆಟ್ಟುಗಳು ಇಷ್ಟಿಷ್ಟೇ, ಇಡೀ ಆಟ ತಿನ್ನುವುದು ಅಮ್ಮನ ಧಾರಾವಾಹಿಯ ಮುಂದೆ ಏನೇನೂ ಅಲ್ಲ. ಅವಸರ ಮಾತ್ರ ಎಲ್ಲಕ್ಕಿಂತ ಹೆಚ್ಚು. ಅಂದರೆ ನ್ಯಾಯವಾಗಿ ಹೈ ಸಿಗಬೇಕಾದದ್ದು ಹುಡುಗನ ಗುಂಡಿನ ಕಾಳಗಕ್ಕೆ, ಲೋ ಸಿಗಬೇಕಾದದ್ದು ಹೆತ್ತತಾಯಿಯ ಧಾರಾವಾಹಿಗೆ. ಇದನ್ನು ಊಟದ ಹೊತ್ತಿನಲ್ಲಿ ವಿವರಿಸುವ ಧೈರ್ಯವುಳ್ಳ ಎಂಜಿನಿಯರನ್ನು ನಾನಿನ್ನೂ ಕಂಡಿಲ್ಲ.

ಆದರೂ ಲೆಕ್ಕ ಕೂಡುತ್ತಿರಲಿಲ್ಲ. ಮೀಟಿಂಗು, ವಿಡಿಯೋ ಕಾಲ್, ಧಾರಾವಾಹಿ, ಆಟ ಎಲ್ಲ ಕೂಡಿಸಿದರೂ 40 ದಾಟುವುದಿಲ್ಲ. ಮತ್ತೆ ಯಾಕೆ ಸಿಕ್ಕಿಕೊಳ್ಳುತ್ತದೆ? ಲ್ಯಾಪ್‌ಟಾಪಿನಲ್ಲಿ, ಪ್ಯಾಕೆಟ್ಟು ಹೋಗಿಬರುವ ಹೊತ್ತನ್ನು ಅಳೆಯುವ ಪಿಂಗ್ ಓಡಿಸಿ ಕೂತೆ. ಏಳು ಗಂಟೆಗೆ 12 ಮಿಲಿಸೆಕೆಂಡು ಎಂದು ಜಂಬದಿಂದ ಹೇಳುತ್ತಿದ್ದದ್ದು, ಏಳು ಮೂವತ್ತೆಂಟಕ್ಕೆ 80, 210, 390 ಎಂದು ಏದುಸಿರು ಬಿಡತೊಡಗಿತು. ರೌಟರಿನ ಪಟ್ಟಿಯಲ್ಲಿ ಅಪ್‌ಲೋಡ್ ಕಾಲಂ ನೋಡಿದರೆ ಎಲ್ಲರದೂ ಚಿಲ್ಲರೆ, ಒಂದು ‘ಅನ್‌ನೋನ್’ ಮಾತ್ರ ದಬದಬ ಸುರಿಯುತ್ತಿದೆ. ಅದು ಚಾರ್ಜಿಗೆ ಹಾಕಿ ಮಲಗಿದವಳ ಫೋನು. ಸೋದರಮಾವನ ಮಗಳ ಮದುವೆಯಲ್ಲಿ ಧಾರೆಯಿಂದ ಹಿಡಿದು ಚಪ್ಪಲಿ ಬಚ್ಚಿಡುವವರೆಗೆ ಎಲ್ಲವನ್ನೂ ನಾಲ್ಕು ಕೆ ವಿಡಿಯೋದಲ್ಲಿ ಹಿಡಿದಿದ್ದಳು. ನಿಮಿಷಕ್ಕೆ ನೂರಾರು ಎಂಬಿ. ಅವಳು ಮಲಗುತ್ತಿದ್ದಂತೆ ಫೋನು ಎದ್ದು ಕೂತು ಆ ಮದುವೆಯನ್ನೆಲ್ಲ ಕ್ಲೌಡಿಗೆ ಏರಿಸುತ್ತಿತ್ತು. ಇಡೀ ಮನೆ ಕೂಗಾಡುವಾಗ ನಿದ್ದೆ ಮಾಡುತ್ತಿದ್ದವಳೇ ಅಪರಾಧಿ.

ಇದು ನಮ್ಮ ಮನೆಯೊಂದರ ರೋಗವಲ್ಲ, ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರೇ ಇದೆ. ಬೆಲ್ ಲ್ಯಾಬ್ಸಿನ ಜಿಮ್ ಗೆಟ್ಟಿಸ್ ಇದನ್ನು ಬೆನ್ನಟ್ಟಿದ್ದೂ ತಮ್ಮ ಮನೆಯ ಸಂಪರ್ಕ ಕೈಕೊಟ್ಟಾಗಲೇ, 2010ರಲ್ಲಿ. ಮೆಮೊರಿ ಅಗ್ಗವಾಯಿತೆಂದು ಮೋಡೆಮ್ಮು, ರೌಟರು ಮಾಡುವವರು ಒಂದು ಪ್ಯಾಕೆಟ್ಟೂ ಕಳೆದುಹೋಗಬಾರದೆಂದು ದೊಡ್ಡದೊಡ್ಡ ಗೋದಾಮು ಕಟ್ಟಿಟ್ಟರು. ಲೈನು ತುಂಬಿದಾಗ ಪ್ಯಾಕೆಟ್ಟುಗಳು ಅಲ್ಲಿ ಹೋಗಿ ಸಾಲಾಗಿ ನಿಲ್ಲುತ್ತವೆ. ಬ್ಯಾಂಕಿನಲ್ಲಿ ದೇವಸ್ಥಾನದ ಹುಂಡಿ ಚಿಲ್ಲರೆಯನ್ನು ಮೂಟೆಗಟ್ಟಲೆ ಕಟ್ಟಲು ಬಂದವರ ಹಿಂದೆ ಪಾಸ್‌ಬುಕ್ ಎಂಟ್ರಿ ಹಾಕಿಸಲು ನಿಂತ ನಿವೃತ್ತ ಮೇಷ್ಟರ ಪಾಡು ನೋಡಿದ್ದೀರಲ್ಲ, ಹೆಂಡತಿಯ ಮಾತು ಹೊತ್ತ ಪುಟ್ಟ ಪ್ಯಾಕೆಟ್ಟಿನ ಪಾಡೂ ಅದೇ. ಡೌನ್‌ಲೋಡಿಗೂ ಇದು ತಟ್ಟುತ್ತದೆ. ‘ಬಂತು, ಮುಂದಿನದು ಕಳಿಸಿ’ ಎಂದು ಅಮ್ಮನ ಟ್ಯಾಬು ಕಳಿಸುವ ರಸೀದಿಯೂ ಅದೇ ಸಾಲಿನಲ್ಲಿ ಮೂಟೆಗಳ ಹಿಂದೆ ನಿಂತಿರುತ್ತದೆ.

ಮದ್ದು ಕಂಡುಹಿಡಿದವರು ಯಾರು ಹೈ ಯಾರು ಲೋ ಎಂದು ಕೇಳಲೇ ಇಲ್ಲ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಟ್ಟ ಕೋಡೆಲ್ ಎಂಬ ಉಪಾಯ ನೋಡುವುದು ಒಂದನ್ನೇ: ಪ್ಯಾಕೆಟ್ಟು ಸಾಲಿನಲ್ಲಿ ಎಷ್ಟು ಹೊತ್ತು ನಿಂತಿದೆ. 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯುವುದು 100 ಮಿಲಿಸೆಕೆಂಡು ಮುಂದುವರಿದರೆ ಕೆಲವನ್ನು ಬೀಳಿಸಿ, ಕಳಿಸುವವರಿಗೆ ‘ಸ್ವಲ್ಪ ನಿಧಾನ’ ಎಂದು ಸೂಚನೆ ಕೊಡುತ್ತದೆ. ಅದರ ಮುಂದಿನ ಅವತಾರಗಳಾದ ಎಫ್‌ಕ್ಯೂ ಕೋಡೆಲ್, ಕೇಕ್ ಇವು ಒಂದೊಂದು ಸಂವಾದಕ್ಕೂ ಬೇರೆ ಸಾಲು ಮಾಡಿ, ಸರದಿಯ ಮೇಲೆ ಕರೆದು, ಪಾಸ್‌ಬುಕ್ ಮೇಷ್ಟರನ್ನು ಮೊದಲು ಕಳಿಸಿಕೊಡುತ್ತವೆ. ಮೇಷ್ಟರು ಯಾರ ಮಾವ ಎಂದು ವಿಚಾರಿಸುವುದಿಲ್ಲ.

ಒಂದೇ ಷರತ್ತು. ಸಾಲು ನಮ್ಮ ರೌಟರಿನೊಳಗೇ ನಿಲ್ಲಬೇಕು, ಆಚೆಯವರ ಗೋದಾಮಿನಲ್ಲಿ ಅಲ್ಲ. ಅದಕ್ಕಾಗಿ ಬರುವ ವೇಗಕ್ಕಿಂತ ಒಂದಿಷ್ಟು ಕಡಿಮೆ ಬರೆಯಬೇಕು. ನನ್ನ ರೌಟರಿಗೆ ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಹಾಕಿ, ಈ ಉಪಾಯಗಳಿರುವ ಅದರ ಎಸ್‌ಕ್ಯೂಎಂ ಪುಟದಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡು ಖಾನೆಗೂ 36000 ಎಂದು ತುಂಬಿದೆ. ಲೆಕ್ಕ ಕೆಬಿಪಿಎಸ್ಸಿನಲ್ಲಿ. ಅಪ್ಪ ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ. ಅವರು ಮೂವತ್ತು ವರ್ಷ ಖಜಾನೆ ಇಲಾಖೆಯಲ್ಲಿದ್ದವರು.

‘ದುಡ್ಡು ಕೊಡ್ತಿರೋದು ನಲವತ್ತಕ್ಕಲ್ಲವೇನಯ್ಯಾ?’

‘ಹೌದಪ್ಪಾ.’

‘ಅವರು ನಲವತ್ತು ಕೊಡ್ತಿದಾರಾ?’

‘ಕೊಡ್ತಿದಾರೆ.’

‘ನೀನೇ ಕೂತು ಮೂವತ್ತಾರಕ್ಕೆ ಇಳಿಸ್ತಿದೀಯ?’

‘ಇಳಿಸಿದ್ರೆ ಬೇಗ ಬರತ್ತೆ.’

ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ಎಂಜಿನಿಯರಿಂಗಿಗೆ ಕಟ್ಟಿದ ಫೀಸು ನೆನಪಾಗಿರಬೇಕು. ‘ಉಳಿದ ನಾಲ್ಕು ಯಾರಿಗೆ ಹೋಗತ್ತೆ?’ ಎಂದು ಕೊನೆಗೆ ಕೇಳಿದರು. ಆಡಿಟ್ ಆಕ್ಷೇಪಣೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅವತ್ತು ಸಂಜೆ ಮದುವೆಯ ವಿಡಿಯೋ ಏರುತ್ತಲೇ ಇತ್ತು, ಪಿಂಗ್ 20ರ ಆಸುಪಾಸಿನಲ್ಲೇ ನಿಂತಿತು, ಮಹಡಿಯಿಂದ ಕೂಗು ಬರಲಿಲ್ಲ. ಅಪ್ಪ ಮಾತ್ರ ಈಗಲೂ ಬಿಲ್ಲು ಬಂದಾಗಲೆಲ್ಲ ಆ ನಾಲ್ಕರ ಸುದ್ದಿ ಎತ್ತುತ್ತಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನೂರರ ಪ್ಲಾನಿಗೆ ದುಡ್ಡು ಕಟ್ಟುವ ಮೊದಲು, ಒಂದು ದೊಡ್ಡ ಫೈಲು ಅಪ್‌ಲೋಡ್ ಆಗುತ್ತಿರುವಾಗ ಪಿಂಗ್ ಎಷ್ಟಕ್ಕೆ ಏರುತ್ತದೆಂದು ನೋಡಿ. ಏರಿದರೆ, ನಿಮ್ಮ ರೌಟರಿನಲ್ಲಿ ಎಸ್‌ಕ್ಯೂಎಂ, ಎಫ್‌ಕ್ಯೂ ಕೋಡೆಲ್, ಕೇಕ್ ಈ ಮೂರರಲ್ಲಿ ಯಾವ ಹೆಸರಾದರೂ ಇದೆಯೇ ಹುಡುಕಿ, ಅಳೆದ ವೇಗದ ನೂರಕ್ಕೆ 85ರಿಂದ 90ರಷ್ಟನ್ನು ಬರೆದು ಸೇವ್ ಒತ್ತಿ. ಹೈ, ಮೀಡಿಯಂ, ಲೋ ಪುಟವನ್ನು ಮುಟ್ಟಬೇಡಿ. ಮನೆಯಲ್ಲಿ ಯಾರಾದರೂ ಬಂದು ತಮ್ಮದೆಷ್ಟನೇ ನಂಬರೆಂದು ಕೇಳಿದರೆ, ‘ನಿಮ್ಮದೇ ಹೈ, ಯಾರಿಗೂ ಹೇಳಬೇಡಿ’ ಎನ್ನಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ.